ಕೊಚ್ಚಿಗೆ ಎರಡು ದಿನ

ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಕೊಚ್ಚಿಗೆ ಹೊರಟ ಮಂಕಿಯ ದಂಪತಿ ನಮ್ಮಲ್ಲಿಗೆ ಬಂದಿದ್ದರು. ಪತಿಯ ಕೈಯಲ್ಲಿ ಹನ್ನೊಂದು ಸ್ಥಳಗಳ ಪಟ್ಟಿ. ಪತ್ನಿಗೋ ಮನೆಯಲ್ಲುಳಿಯುವ ಅತ್ತೆಯ ಚಿಂತೆ. ಅತ್ತೆಯ ವ್ಯವಸ್ಥೆ ಮೊದಲಾಗಲಿ, ಟಿಕೆಟು ಆಮೇಲೆ ಎಂದೆವು. (ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನ.)

ಪಟ್ಟಿಯಲ್ಲಿ ಎರಡನ್ನೇ ಉಳಿಸಿದೆವು. ಸಂತ ಫ್ರಾನ್ಸಿಸರ ದೇವಾಲಯದಲ್ಲಿ 1524ರಲ್ಲಿ ವಾಸ್ಕೋ ಡ ಗಾಮನನ್ನು ಹೂಳಿದ್ದರು. ಅವಶೇಷಗಳನ್ನು ಬಳಿಕ ಪೋರ್ಚುಗಲ್ಲಿಗೆ ಒಯ್ದರು, ಉಳಿದಿರುವುದು ಸಮಾಧಿಕಲ್ಲು ಮಾತ್ರ. ಅದೀಗ ಸಿ.ಎಸ್.ಐ. ಸಭೆಯದು; ಬಲಿಪೂಜೆಗೆ ಸಾಂತಾ ಕ್ರೂಸ್ ಬೆಸಿಲಿಕಾಕ್ಕೇ ಹೋಗಬೇಕು. ಅಲ್ಲಿ ಅವಸರ ಸಲ್ಲದು. ಮಂಗಳೂರಿನ ಅಲೋಶಿಯಸ್ ಚಾಪೆಲಿನ ಚಿತ್ರಗಳನ್ನು ಬರೆದ ಸಹೋದರ ಮೊಸ್ಕೇನಿಯವರೇ ಅದನ್ನೂ ಚಿತ್ರಗಳಿಂದ ತುಂಬಿ, 1905ರ ನವೆಂಬರಿನಲ್ಲಿ, ಪವಿತ್ರೀಕರಣಕ್ಕೆ ಕೆಲವೇ ದಿನಗಳಿರುವಾಗ ತೀರಿಕೊಂಡರು.

ಸಂಜೆಯನ್ನು ಚೀನೀ ಬಲೆಗಳ ದಡದಲ್ಲಿ ಬರಿದೇ ಬಿಡಿ ಎಂದೆವು.

“ಅಲ್ಲಿ ಮಾಡುವುದೇನು, ಫಾದರ್?” ಎಂದರು ಪತಿ.

“ಮಾತಾಡಬಹುದಲ್ಲ,” ಎಂದರು ಪತ್ನಿ.