ಹೊಳೆ ಒಂದು, ತಾಲೂಕು ಮೂರು: ನೆಲದ ನಕ್ಷೆ ಓದುವವರಾರು?

ಮಳೆಗಾಲದಲ್ಲಿ ಹಿಡಕಲ್ ಅಣೆಕಟ್ಟಿನ ಬಾಗಿಲು ತೆರೆದರೆಂಬ ಸುದ್ದಿ ಬಂದರೆ ಸಾಕು, ಗೋಕಾಕದ ಹೊಳೆದಂಡೆಯ ಓಣಿಗಳಲ್ಲಿ ಸಾಮಾನು ಕಟ್ಟಿಡುವ ಗಡಿಬಿಡಿ ಶುರುವಾಗುತ್ತದೆ. 51 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯ ಇರುವುದು ಹುಕ್ಕೇರಿ ತಾಲೂಕಿನಲ್ಲಿ. ಅಲ್ಲಿಂದ ಹೊರಟ ಘಟಪ್ರಭೆ ಧೂಪದಾಳದ ಒಡ್ಡು ದಾಟಿ, ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಕೆಳಕ್ಕೆ ಧುಮುಕಿ, ಗೋಕಾಕ ಊರನ್ನು ಸವರಿಕೊಂಡು, ಸುಣಧೋಳಿಯಂಥ ಮೂಡಲಗಿ ತಾಲೂಕಿನ ಹಳ್ಳಿಗಳ ಕಡೆಗೆ ಸಾಗುತ್ತದೆ. ಈ ಮೂರು ತಾಲೂಕುಗಳಿಗೆ ತಹಶೀಲ್ದಾರರು ಮೂವರು, ಕಚೇರಿಗಳು ಬೇರೆ ಬೇರೆ, ಹೊಳೆ ಮಾತ್ರ ಒಂದೇ.

2019ರ ಆಗಸ್ಟಿನಲ್ಲಿ ಆದದ್ದನ್ನು ಈ ಭಾಗದವರು ಮರೆತಿಲ್ಲ. ಘಟಪ್ರಭೆ, ಮಾರ್ಕಂಡೇಯ ಎರಡೂ ತುಂಬಿ ಬಂದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಪೇಟೆ, ಓಣಿಗಳಿಗೆ ನೀರು ನುಗ್ಗಿತು. 2021ರಲ್ಲಿ ಮತ್ತೆ, 2024ರಲ್ಲಿ ಇನ್ನೊಮ್ಮೆ. ಪ್ರತಿ ಸಲವೂ ಅಣೆಕಟ್ಟಿನಿಂದ ನೀರು ಬಿಟ್ಟ ರೀತಿಯ ಬಗ್ಗೆ ವಾದ ನಡೆಯುತ್ತದೆ. ಅದು ನಡೆಯಲಿ. ಆದರೆ ಹೊಳೆ ಹಿಂದೆ ಹರಿದು ಹೋದ ಜಾಗದಲ್ಲೇ ಹೊಸ ಮನೆಗಳು ಏಳುವುದಾದರೆ ಅದಕ್ಕೆ ಹೂಂ ಎಂದವರು ಯಾರು ಎಂಬ ಪ್ರಶ್ನೆಯನ್ನು ಅಷ್ಟೇ ಜೋರಾಗಿ ಕೇಳುವವರು ಕಡಿಮೆ.

ಹೂಂ ಎಂದವರು ಒಬ್ಬರಲ್ಲ. ಹೊಲ ಪ್ಲಾಟಾಗಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಬೇಕು. ನಮ್ಮ ಕಡೆ ಇದಕ್ಕೆ ‘ಎನ್.ಎ. ಮಾಡಿಸುವುದು’ ಎನ್ನುತ್ತಾರೆ. ಆಮೇಲೆ ಬಡಾವಣೆಯ ನಕ್ಷೆಗೆ ಯೋಜನಾ ಇಲಾಖೆಯ ಒಪ್ಪಿಗೆ, ಕೊನೆಗೆ ನಗರಸಭೆ, ಪುರಸಭೆ ಅಥವಾ ಪಂಚಾಯಿತಿಯ ದಾಖಲೆ. ಗ್ರಾಮ ಆಡಳಿತಾಧಿಕಾರಿ, ಪಿ.ಡಿ.ಒ., ಪುರಸಭೆಯ ಎಂಜಿನಿಯರ್, ಚುನಾಯಿತ ಸದಸ್ಯರು ಒಬ್ಬೊಬ್ಬರೂ ತಮ್ಮ ಪಾಲಿನ ಕಾಗದ ನೋಡುತ್ತಾರೆ. ಕಾಗದ ಎಲ್ಲ ಸರಿಯಿದ್ದೂ ನೆಲ ತಪ್ಪಾಗಿರಬಹುದು! ಉತಾರದಲ್ಲಿ ಸರ್ವೆ ನಂಬರು ಇರುತ್ತದೆ, ಕ್ಷೇತ್ರ ಇರುತ್ತದೆ. ಹೊಳೆ ಎಲ್ಲಿಯವರೆಗೆ ಏರಿತ್ತು ಎಂಬುದು ಇರುವುದಿಲ್ಲ.

ಕಾನೂನಿಗೇನೂ ಬರವಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರ ಪ್ರಕಾರ ಊರಿನ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಪಂಚಾಯಿತಿ, ನಗರಸಭೆಗಳ ಯೋಜನೆಗಳನ್ನು ಒಂದುಗೂಡಿಸಲು ಜಿಲ್ಲಾ ಯೋಜನಾ ಸಮಿತಿಯನ್ನೂ ಕೊಟ್ಟವು. ತರಬೇತಿಗೆ ಮೈಸೂರಿನಲ್ಲಿ ಎರಡು ಸಂಸ್ಥೆಗಳಿವೆ. ಹಳ್ಳಿಗಳಿಗಾಗಿ ಇರುವುದು, ‘ನೀರ್ ಸಾಬ್’ ಎಂದೇ ಜನ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನದು. ಪಟ್ಟಣಗಳಿಗೆ ರಾಜ್ಯ ನಗರಾಭಿವೃದ್ಧಿ ಸಂಸ್ಥೆ. ಮೈಸೂರಿನ ಸ್ಟುಡಿಯೋದಲ್ಲಿ ಕುಳಿತವರು ಉಪಗ್ರಹದ ಮೂಲಕ ಪಾಠ ಹೇಳಿ, ದೂರದ ತಾಲೂಕುಗಳ ಸದಸ್ಯರು ಫೋನಿನಲ್ಲಿ ಪ್ರಶ್ನೆ ಕೇಳುವ ಪ್ರಯೋಗವನ್ನೂ ಕರ್ನಾಟಕ ಮಾಡಿದೆ.

ಇದೆಲ್ಲ ಬೇಕಾದದ್ದೇ. ಆದರೆ ಕಾಯ್ದೆಯ ಕಲಮುಗಳನ್ನು ಕೋಣೆಯಲ್ಲಿ ಕುಳಿತು ಕಲಿಯಬಹುದು, ನೆಲವನ್ನು ಹಾಗೆ ಕಲಿಯಲಾಗದು. ಒಂದು ಸಣ್ಣ ಲೆಕ್ಕ ನೋಡಿ, ಹೈಸ್ಕೂಲು ಮಕ್ಕಳೂ ಮಾಡಬಹುದು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದು ದಿನ 50 ಮಿಲಿಮೀಟರ್ ಮಳೆ ಬಿದ್ದರೆ ಆ ಎಕರೆಯ ಮೇಲೆ ಬೀಳುವ ನೀರು 2 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ ನಲವತ್ತು ಟ್ಯಾಂಕರು! ಹೊಲವಾಗಿದ್ದಾಗ ಅದರಲ್ಲಿ ಒಂದು ಪಾಲನ್ನು ಮಣ್ಣು ಕುಡಿಯುತ್ತಿತ್ತು. ಸ್ಲ್ಯಾಬು, ಫರಸಿ, ಕಾಂಕ್ರೀಟು ರಸ್ತೆ ಬಂದ ಮೇಲೆ ಬಹುತೇಕ ಎಲ್ಲವೂ ಕೆಳಗಿನ ಓಣಿಗೆ ಇಳಿಯುತ್ತದೆ. ನಡುವೆ ಇದ್ದ ಹಳ್ಳವನ್ನು ಮುಚ್ಚಿದ್ದರೆ ಹೇಳುವುದೇ ಬೇಡ. ಈ ಲೆಕ್ಕ ಗೊತ್ತಿದ್ದ ಎಂಜಿನಿಯರ್ ನಕ್ಷೆಗೆ ಸಹಿ ಹಾಕುವ ಮುನ್ನ ಗಟಾರದ ಅಗಲ ಕೇಳುತ್ತಾನೆ.

ಗುಂಟೆ ಲೆಕ್ಕದಲ್ಲಿ ಹೊಲ ತುಂಡು ಮಾಡಿ ಮಾರುವುದು ಇನ್ನೊಂದು ತಾಪತ್ರಯ. ಗುಂಟೆಗೆ 1,089 ಚದರ ಅಡಿ. ಮಧ್ಯಮ ವರ್ಗದವರಿಗೆ ಒಂದು ಮನೆಗೆ ಹೇಳಿ ಮಾಡಿಸಿದ ಅಳತೆ. ಒಪ್ಪಿಗೆ ಪಡೆದ ಬಡಾವಣೆಯಲ್ಲಿ ಉದ್ಯಾನಕ್ಕೆ, ನಾಗರಿಕ ಸೌಕರ್ಯಕ್ಕೆ ಜಾಗ ಬಿಡಲೇಬೇಕು. ಹೀಗೆ ತುಂಡು ಮಾಡಿದಲ್ಲಿ ಆ ಜಾಗವೂ ಮಾರಾಟವಾಗುತ್ತದೆ. ಹತ್ತು ವರ್ಷದ ಮೇಲೆ ಅಲ್ಲಿ ಮನೆಗಳು ಇರುತ್ತವೆ, ಮಕ್ಕಳೂ ಇರುತ್ತಾರೆ, ಶಾಲೆ ಕಟ್ಟಲು, ಆಡಲು ಜಾಗ ಇರುವುದಿಲ್ಲ.

ನೆಲ ಓದುವುದನ್ನು ಊರವರಿಗೇ ಕಲಿಸಿದ ಉದಾಹರಣೆ ಪಕ್ಕದ ಕೇರಳದಲ್ಲಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಶಾಸ್ತ್ರ ಸಾಹಿತ್ಯ ಪರಿಷತ್ತು, ಭೂವಿಜ್ಞಾನ ಅಧ್ಯಯನ ಕೇಂದ್ರದ ಜೊತೆ ಸೇರಿ ಪಂಚಾಯಿತಿಗಳ ಸಂಪನ್ಮೂಲ ನಕ್ಷೆ ತಯಾರಿಸುವ ಕೆಲಸಕ್ಕೆ ಕೈಹಾಕಿತು. ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿ ಅದರಲ್ಲಿ ಹೆಸರಾಯಿತು. ಸ್ವಯಂಸೇವಕರು ಸರ್ವೆ ನಕ್ಷೆ ಹಿಡಿದು ತುಂಡು ತುಂಡು ನೆಲ ಸುತ್ತಿ, ಎಲ್ಲಿ ಗದ್ದೆ, ಎಲ್ಲಿ ತೋಟ, ಎಲ್ಲಿ ನೀರು ಎಂದು ಗುರುತು ಹಾಕಿದರು. 1996ರಲ್ಲಿ ಕೇರಳ ಜನಯೋಜನೆ ಆರಂಭಿಸಿದಾಗ ಇಂಥ ಅನುಭವ ಕೆಲಸಕ್ಕೆ ಬಂತು. ನಮ್ಮವರಿಗೇನು ಕಡಿಮೆ? ಹಳ್ಳಿಗಳಿಗೆ ಕರೆಂಟು ಹಂಚಲು 1969ರಲ್ಲೇ ಸಹಕಾರಿ ಸಂಘ ಕಟ್ಟಿದ ತಾಲೂಕು ಹುಕ್ಕೇರಿ.

ನನ್ನ ಮಟ್ಟಿಗೆ ಹೇಳುವುದಾದರೆ, ಮೂರೂ ತಾಲೂಕಿನವರಿಗೆ ಒಟ್ಟಿಗೇ, ಹೊಳೆದಂಡೆಯಲ್ಲೇ ತರಬೇತಿ ಆಗಬೇಕು. ಮೂಡಲಗಿಯ ಪಿ.ಡಿ.ಒ. ಹಿಡಕಲ್ ನೋಡಬೇಕು, ಹುಕ್ಕೇರಿಯ ಎಂಜಿನಿಯರ್ ಲೋಳಸೂರ ಸೇತುವೆಯ ಮೇಲೆ ನಿಲ್ಲಬೇಕು. 2019ರ ನೀರು ಗೋಡೆಯ ಮೇಲೆ ಎಲ್ಲಿಯವರೆಗೆ ಬಂದಿತ್ತು ಎಂದು ಮನೆಮನೆಯ ಹಿರಿಯರನ್ನು ಕೇಳಿ ಸರ್ವೆ ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಮೂಡಲಗಿಗೆ ಇದು ಹೆಚ್ಚು ತುರ್ತಿನದು. ಗೋಕಾಕದಿಂದ ಬೇರ್ಪಟ್ಟು ಅದು ತಾಲೂಕಾದದ್ದು 2018ರಲ್ಲಿ. ತಾಲೂಕು ಕೇಂದ್ರವಾದ ಊರಿಗೆ ಕಚೇರಿ ಬರುತ್ತವೆ, ಕಚೇರಿಯ ಹಿಂದೆ ಪ್ಲಾಟಿನ ದರ ಏರುತ್ತದೆ, ಸುತ್ತಲಿನ ಕಬ್ಬಿನ ಹೊಲಗಳ ಮೇಲೆ ಕಣ್ಣು ಬೀಳುತ್ತದೆ. ಗೋಕಾಕದಲ್ಲಿ ಕಟ್ಟಿ ಮುಗಿದದ್ದನ್ನು ಕೆಡವುವುದು ಕಷ್ಟ. ಇಲ್ಲಿ ಇನ್ನೂ ಕಟ್ಟದೆ ಉಳಿದದ್ದು ಬೇಕಾದಷ್ಟಿದೆ.

ಮಕ್ಕಳ ಓದಿಗೆಂದು ಪಟ್ಟಣದಲ್ಲಿ ಪ್ಲಾಟು ಹುಡುಕುವ ತಂದೆತಾಯಿಗಳು ಎನ್.ಎ. ಆದೇಶ, ಒಪ್ಪಿಗೆಯಾದ ಬಡಾವಣೆ ನಕ್ಷೆ, ಉತಾರ ಮೂರನ್ನೂ ಕೇಳಿ ನೋಡಬೇಕು. ಏಜೆಂಟರು ಏಪ್ರಿಲಿನಲ್ಲಿ ತೋರಿಸಿದ ಜಾಗವನ್ನು ಆಗಸ್ಟಿನಲ್ಲಿ ಇನ್ನೊಮ್ಮೆ ನೋಡಿ ಬರುವುದು ಒಳ್ಳೆಯದು.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಊರು ಯೋಜಿಸುವುದೂ ಒಂದು ವಿದ್ಯೆ, ಅದಕ್ಕೂ ಪದವಿ ಇದೆ. ಗಣಿತ ತೆಗೆದುಕೊಂಡು ಪಿ.ಯು.ಸಿ. ಮುಗಿಸಿದವರು ನಾಲ್ಕು ವರ್ಷದ ಬಿ.ಪ್ಲ್ಯಾನ್. ಓದಬಹುದು, ಜೆ.ಇ.ಇ. ಮೇನ್‌ನಲ್ಲಿ ಅದಕ್ಕೆಂದೇ ಬೇರೆ ಪ್ರಶ್ನೆಪತ್ರಿಕೆ ಇದೆ. ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯ ಸ್ನಾತಕೋತ್ತರ ಕೋರ್ಸು ಬಹಳ ವರ್ಷಗಳಿಂದ ನಡೆದು ಬಂದಿದೆ. ಎಂಜಿನಿಯರಿಂಗ್, ಮೆಡಿಕಲ್ ಬಿಟ್ಟು ಬೇರೇನೂ ಇಲ್ಲವೆಂದುಕೊಂಡ ಮನೆಗಳಲ್ಲಿ ಈ ಕೋರ್ಸಿನ ಹೆಸರೇ ಕಿವಿಗೆ ಬಿದ್ದಿರುವುದಿಲ್ಲ.