ಅಪ್ಪ ಈಗ ದಿನವಿಡೀ ಮನೇಲೇ ಇರ್ತಾರೆ

ಕೆಲಸ ಬದಲಾಯಿಸೋದು ನಮ್ಮ ವಯಸ್ಸಿನವರಿಗೆ ದೊಡ್ಡ ವಿಷಯವೇ ಅಲ್ಲ. ನೋಟಿಸ್ ಪೀರಿಯಡ್ ಮುಗಿಸಿ, ಲ್ಯಾಪ್‌ಟಾಪ್ ವಾಪಸ್ ಕೊಟ್ಟು, ಸೋಮವಾರ ಇನ್ನೊಂದು ಕಂಪನಿಗೆ ಲಾಗಿನ್ ಆಗ್ತೀವಿ. ಆದರೆ ಮೂವತ್ತು ವರ್ಷ ಒಂದೇ ಕಡೆ ದುಡಿದವರಿಗೆ ಐವತ್ತರ ಆಚೀಚೆ ಕೆಲಸ ನಿಂತುಹೋದರೆ? ಅದು ಬರೀ ಸಂಬಳದ ಪ್ರಶ್ನೆ ಅಲ್ಲ.

2019ರ ನವೆಂಬರ್‌ನಲ್ಲಿ ಬಿಎಸ್‌ಎನ್‌ಎಲ್‌ನ 50 ದಾಟಿದ ನೌಕರರಿಗೆ ಸ್ವಯಂ ನಿವೃತ್ತಿ ಯೋಜನೆ ಬಂತು. 78 ಸಾವಿರಕ್ಕೂ ಹೆಚ್ಚು ಮಂದಿ ಒಪ್ಪಿಕೊಂಡು, 2020ರ ಜನವರಿ 31ರಂದು ಒಟ್ಟಿಗೇ ನಿವೃತ್ತರಾದರು. ಎರಡು ತಿಂಗಳು ತುಂಬೋ ಮೊದಲೇ ಲಾಕ್‌ಡೌನ್. ಹೊಸದೇನಾದರೂ ಶುರು ಮಾಡೋಣ ಅಂದುಕೊಂಡಿದ್ದವರಿಗೂ ದಾರಿ ಇರಲಿಲ್ಲ. ಆ ಸಾವಿರಾರು ಜನರಲ್ಲಿ ನಮ್ಮಪ್ಪನೂ ಒಬ್ಬರು.

ಮೊದಲ ಕೆಲವು ವಾರ ಅಪ್ಪ ಎಂದಿನಂತೆ ಐದೂವರೆಗೆ ಎದ್ದು, ಶೇವ್ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಕೂತಿರ್ತಿದ್ರು. ಮಳೆಗಾಲದಲ್ಲಿ ಬಿಡುವಿಲ್ಲದೆ ಹೊಡ್ಕೊಳ್ತಿದ್ದ ಫೋನು ಸುಮ್ಮನಾಗಿತ್ತು. ಅಮ್ಮನ ದಿನಚರಿಯೂ ತಲೆಕೆಳಗಾಯ್ತು. ಹನ್ನೊಂದಕ್ಕೆ ಕೆಲಸ ಮುಗಿಸಿ ತಮ್ಮ ಪಾಡಿಗೆ ಇರ್ತಿದ್ದವರಿಗೆ ಈಗ ಮೂರು ಸಲ ಕಾಫಿ, ಮಧ್ಯಾಹ್ನ ಬಿಸಿ ಅಡುಗೆ. ನಿವೃತ್ತಿ ಅಪ್ಪನಿಗೆ ಆಗಿದ್ದು, ಕೆಲಸ ಹೆಚ್ಚಾಗಿದ್ದು ಅಮ್ಮನಿಗೆ! ಮುಟ್ಟು ನಿಲ್ಲುವ ಕಾಲದ ಸುಸ್ತು, ನಿದ್ದೆಗೇಡು ಬೇರೆ.

ಇಂಥ ಹೊತ್ತಲ್ಲಿ ಮಕ್ಕಳು ಏನು ಮಾಡಬಹುದು?

ಮೊದಲು ದುಡ್ಡು. ಇಡುಗಂಟು ಬಂತು ಅಂದ ತಕ್ಷಣ ಸೈಟು, ಚೀಟಿ, ಪಾಲುದಾರಿಕೆ ಅಂತ ನೆಂಟರಿಷ್ಟರೆಲ್ಲ ನೆನಪಾಗ್ತಾರೆ. ಆರು ತಿಂಗಳು ಬ್ಯಾಂಕಿನ ಠೇವಣಿಯಲ್ಲಿ ಇಡಿ, ಯಾರಿಗೂ ಮಾತು ಕೊಡಬೇಡಿ. ಖಾಸಗಿ ಕಂಪನಿಯಾದರೆ ಇನ್ನೂ ಹುಷಾರು: ಕಂಪನಿ ಮಾಡಿಸಿದ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತೆ. ಹೊಸ ಪಾಲಿಸಿಯಲ್ಲಿ ಬಿಪಿ, ಶುಗರ್‌ನಂಥ ಹಳೇ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಅದಕ್ಕೇ ಕೆಲಸ ಇರುವಾಗಲೇ ಬೇರೆ ಪಾಲಿಸಿ ಮಾಡಿಸಿಡಿ. ಇಪಿಎಫ್ ಪಿಂಚಣಿ ಪೂರ್ತಿಯಾಗಿ ಸಿಗೋದು 58ಕ್ಕೆ, ಅದಕ್ಕೂ ಕನಿಷ್ಠ 10 ವರ್ಷ ಸೇವೆ ಆಗಿರಬೇಕು. ಮಧ್ಯದ ವರ್ಷಗಳ ಮನೆ ಖರ್ಚನ್ನು ಎಲ್ಲರೂ ಒಟ್ಟಿಗೆ ಕೂತು ಲೆಕ್ಕ ಹಾಕಿ.

ಎರಡನೆಯದು ಮಾತು. "ಅಪ್ಪ ಹೇಗೂ ಫ್ರೀ ಇದಾರಲ್ಲ, ಅವರೇ ಹೋಗಿ ತರ್ತಾರೆ" ಅನ್ನೋದನ್ನ ನಿಲ್ಲಿಸಿ. ಮೊನ್ನೆವರೆಗೂ ಹತ್ತು ಜನಕ್ಕೆ ಕೆಲಸ ಹೇಳ್ತಿದ್ದವರು ಇದ್ದಕ್ಕಿದ್ದಂತೆ ಮನೆಯ ಡೆಲಿವರಿ ಬಾಯ್ ಆಗಬಾರದು. ಕೇಳಿ, ಅಪ್ಪಣೆ ಮಾಡಬೇಡಿ.

ಮೂರನೆಯದು, ಮನೆಯಿಂದ ಹೊರಗೆ ಒಂದು ನಿಗದಿತ ಹೊತ್ತು. ನಮ್ಮಪ್ಪ ಈಗ ಸ್ನೇಹಿತರ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬೆಳಗ್ಗೆ ಮೂರು ಗಂಟೆ ಕೂರ್ತಾರೆ. ಹುಡುಗರಿಗೆ ಕೇಬಲ್ ಕೆಲಸ ಹೇಳಿಕೊಡ್ತಾರೆ. ಬರೋ ದುಡ್ಡು ಪೆಟ್ರೋಲಿಗೆ ಸಾಕಾಗುತ್ತೆ, ಅಷ್ಟೇ. ಆದರೆ ಒಂಬತ್ತೂವರೆಗೆ "ಹೋಗ್ಬರ್ತೀನಿ ಕಣೇ" ಅನ್ನೋ ಮಾತು ಮನೆಗೆ ವಾಪಸ್ ಬಂದಿದೆ. ಅಮ್ಮನಿಗೂ ತಮ್ಮ ಹಗಲು ಸಿಕ್ಕಿದೆ.

ಇನ್ನೊಂದು ಮುಖ್ಯ ವಿಷಯ. ನಿದ್ದೆ ಬಾರದೆ ಇರೋದು, ಊಟ ಸೇರದೆ ಇರೋದು, ಯಾರ ಜೊತೆಗೂ ಮಾತಾಡದೆ ಇರೋದು, ಕುಡಿತ ಹೆಚ್ಚಾಗೋದು, ಇವು ವಾರಗಟ್ಟಲೆ ಮುಂದುವರಿದರೆ "ವಯಸ್ಸಾಯ್ತು, ಸರಿ ಹೋಗುತ್ತೆ" ಅಂತ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಮಾಡಲ್ಲ ಅಂದ್ರೆ ಮೊದಲು ನೀವೇ ಮಾಡಿ ಕೇಳಿ.

ಐಟಿಯಲ್ಲಿರೋ ನಮಗೆ ಈ ತಿರುವು ಐವತ್ತರವರೆಗೂ ಕಾಯುತ್ತೆ ಅನ್ನೋ ಭರವಸೆ ಏನಿಲ್ಲ. ಇಡುಗಂಟಿನ ಬದಲು ಒಂದು ಮೀಟಿಂಗ್ ಇನ್ವೈಟ್ ಬಂದರೂ ಬರಬಹುದು. ವಿಸಿಟಿಂಗ್ ಕಾರ್ಡಿನಾಚೆಗೂ ನಾವು ಯಾರು ಅನ್ನೋದನ್ನ ಮೂವತ್ತರಲ್ಲೇ ಹುಡುಕಿಟ್ಟುಕೊಳ್ಳೋಣ. ಅಲ್ಲಿವರೆಗೆ, ಈ ವಾರ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಜೊತೆಗೆ "ಇವತ್ತು ಏನ್ ಮಾಡಿದ್ರಿ ಅಪ್ಪಾ?" ಅಂತಲೂ ಕೇಳಿ. ಉತ್ತರ ಬರೋವರೆಗೂ ಫೋನ್ ಇಡಬೇಡಿ.