ಹದಿಮೂರರ ಹುಡುಗ, ಹದಿನೆಂಟರ ಆಟ: ಆಡೋಕೆ ಬಿಡಬೇಕಾ, ಬೇಡ್ವಾ?

ಇವತ್ತಿನ ವಿಷಯ ನಮ್ಮ ಅಕ್ಕನ ಮನೆಯಿಂದ ಬಂದಿದ್ದು.

ಅಕ್ಕನ ಮನೆ ಇರೋದು ಬಾಪೂಜಿ ನಗರದಲ್ಲಿ, ಮೈಸೂರು ರೋಡ್‌ನಿಂದ ಸ್ವಲ್ಪ ಒಳಗೆ. ಎರಡು ಬೈಕ್ ಎದುರುಬದುರು ಬಂದ್ರೆ ಒಂದು ನಿಂತು ದಾರಿ ಬಿಡಬೇಕು, ಅಂಥ ರಸ್ತೆ. ಅಕ್ಕ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಭಾವ ಗಾಡಿ ಓಡಿಸ್ತಾರೆ. ಮಗ ಎಂಟನೇ ಕ್ಲಾಸು, ಹದಿಮೂರು ವರ್ಷ. ಅವನ ಹೆಸರು ಇಲ್ಲಿ ಹೇಳಲ್ಲ, ಹೇಳಿದ್ರೆ ನನ್ನನ್ನ ಬ್ಲಾಕ್ ಮಾಡ್ತಾನೆ. ಮನೇಲಿ ಪುಟ್ಟ ಅಂತೀವಿ, ಇಲ್ಲೂ ಪುಟ್ಟ ಅಂತಲೇ ಇಟ್ಕೊಳ್ಳೋಣ.

ಮೊನ್ನೆ ಒಂದು ಭಾನುವಾರ ಊಟಕ್ಕೆ ಅಂತ ಹೋಗಿದ್ದೆ. ಮನೆ ಒಳಗೆ ಕಾಲಿಡೋಕೆ ಮುಂಚೇನೇ ಅಕ್ಕ ಶುರು ಮಾಡಿದ್ಲು. "ಲೋ, ನೀನೇ ಹೇಳೋ ಇವನಿಗೆ. ನನ್ನ ಮಾತಂತೂ ಕೇಳಲ್ಲ." ಮನೇಲಿರೋ ಎರಡನೇ ಫೋನಿನ ಗ್ಲಾಸ್ ಒಡೆದುಹೋಗಿತ್ತು. ಹಿಂದಿನ ರಾತ್ರಿ ಹನ್ನೊಂದೂವರೆಗೆ ಅಕ್ಕ ಫೋನ್ ಕಿತ್ಕೊಂಡಿದ್ದಾಳೆ. ಆಟ ಅರ್ಧದಲ್ಲಿ ನಿಂತಿದ್ದಕ್ಕೆ ಪುಟ್ಟ ಅದನ್ನ ವಾಪಸ್ ಎಳೆದಿದ್ದಾನೆ. ಆ ಎಳೆದಾಟದಲ್ಲಿ ಫೋನ್ ನೆಲಕ್ಕೆ ಬಿದ್ದಿದೆ. ಅಕ್ಕನಿಗೆ ಗ್ಲಾಸ್ ಹೋಗಿದ್ದಕ್ಕಿಂತ ಮಗ ತನ್ನ ಕೈ ತಿರುಚಿದ್ದು ಜಾಸ್ತಿ ನೋವಾಗಿತ್ತು. ಅವಳು ಅದನ್ನ ನನ್ನ ಹತ್ರ ಹೇಳಿದ್ದು ಅಡುಗೆಮನೇಲಿ, ಮೆಲ್ಲಗೆ.

ವಿಷಯ ಇಷ್ಟೇ ಆಗಿದ್ರೆ ಎರಡು ಬೈದು ಮುಗಿಸ್ತಿದ್ದೆ. ಆದ್ರೆ ಪುಟ್ಟನಿಗೆ ಈಗ ಇನ್ನೊಂದು ಆಸೆ. ಫ್ರೆಂಡಿನ ಅಣ್ಣನ ಕಂಪ್ಯೂಟರಲ್ಲಿ ಜಿಟಿಎ 5 ಇದೆ, ಶನಿವಾರ ಶನಿವಾರ ಹೋಗಿ ಆಡ್ತೀನಿ, ಪರ್ಮಿಷನ್ ಕೊಡಿ ಅಂತಾನೆ. ಭಾವ ಹೆಸರು ಸರ್ಚ್ ಮಾಡಿ ನೋಡಿದ್ದಾರೆ, 18 ಅಂತ ತೋರಿಸಿದೆ. "ಹದಿನೆಂಟು ಅಂದ್ರೆ ಹದಿನೆಂಟು, ಮುಗೀತು" ಅಂದ್ರು. ಅದಕ್ಕೆ ಪುಟ್ಟ ನನ್ನ ಕಡೆ ತಿರುಗಿ ಕೇಳಿದ: "ಮಾಮ, ನೀನು ಆಡಿಲ್ವಾ?"

ಆಡಿದ್ದೀನಿ. ಅವನಿಗಿಂತ ಚಿಕ್ಕವನಿದ್ದಾಗಲೇ. ಏರಿಯಾದ ಸೈಬರ್ ಸೆಂಟರಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಜಿಟಿಎ ವೈಸ್ ಸಿಟಿ ಆಡ್ತಿದ್ದೆ. 2002ರಲ್ಲಿ ಬಂದ ಆಟ, ಅದೂ ದೊಡ್ಡವರಿಗೆ ಅಂತಲೇ ಮಾಡಿದ್ದು. ಅದನ್ನ ಆಡಿ ನಾನು ಯಾರ ಕಾರನ್ನೂ ಕದ್ದಿಲ್ಲ. ಹಾಗಾದ್ರೆ ಪುಟ್ಟನಿಗೆ ಯಾವ ಬಾಯಲ್ಲಿ ಬೇಡ ಅನ್ನಲಿ? ಒಂದು ವಾರ ಟೈಮ್ ಕೊಡು ಅಂತ ಹೇಳಿ ಬಂದೆ. ಆ ವಾರದಲ್ಲಿ ಓದಿದ್ದು, ನೋಡಿದ್ದು, ಕೊನೆಗೆ ತೀರ್ಮಾನ ಮಾಡಿದ್ದು ಈ ಎಪಿಸೋಡ್.

ಮೊದಲು, ಆ 18 ಅನ್ನೋ ನಂಬರ್ ಹಾಕೋದು ಯಾರು? ಅಮೆರಿಕದಲ್ಲಿ ಇಎಸ್‌ಆರ್‌ಬಿ ಅಂತ ಒಂದು ಸಂಸ್ಥೆ ಇದೆ, 1994ರಲ್ಲಿ ಶುರುವಾಗಿದ್ದು. ಯೂರೋಪಿನಲ್ಲಿ ಪೆಗಿ ಅಂತ, 2003ರಿಂದ. ಪೆಗಿ 3, 7, 12, 16, 18 ಅಂತ ಐದು ಮೆಟ್ಟಿಲು ಇಟ್ಟಿದೆ. ಜಿಟಿಎ 5ಕ್ಕೆ ಪೆಗಿ ಕೊಟ್ಟಿರೋದು 18. ಇಎಸ್‌ಆರ್‌ಬಿ ಕೊಟ್ಟಿರೋದು ಎಂ, ಅಂದ್ರೆ 17 ದಾಟಿದವರಿಗೆ. ನಮ್ಮ ಪ್ಲೇ ಸ್ಟೋರಲ್ಲಿ ಆಟದ ಹೆಸರಿನ ಹತ್ರ 12+, 16+ ಅಂತ ಕಾಣುತ್ತಲ್ಲ, ಅದು ಐಎಆರ್‌ಸಿ ಅನ್ನೋ ಅಂತರರಾಷ್ಟ್ರೀಯ ವ್ಯವಸ್ಥೆಯಿಂದ ಬರೋದು. ಆಟ ಮಾಡಿದವರು ಒಂದು ಪ್ರಶ್ನಾವಳಿ ತುಂಬುತ್ತಾರೆ, ಆ ಉತ್ತರಗಳ ಮೇಲೆ ನಂಬರ್ ಬೀಳುತ್ತೆ.

ನಮ್ಮಲ್ಲಿ ಸಿನಿಮಾಗೆ ಸೆನ್ಸಾರ್ ಮಂಡಳಿ ಇದೆ. 2023ರ ಕಾನೂನು ತಿದ್ದುಪಡಿ ಆದ್ಮೇಲೆ ಯುಎ ಸರ್ಟಿಫಿಕೇಟ್‌ನಲ್ಲೂ 7+, 13+, 16+ ಅಂತ ಮೂರು ಭಾಗ ಬಂದಿದೆ. ಎ ಸರ್ಟಿಫಿಕೇಟ್ ಸಿನಿಮಾ ಆದ್ರೆ ಥಿಯೇಟರ್ ಬಾಗಿಲಲ್ಲಿ ಟಿಕೆಟ್ ಹರಿಯೋನು ಒಬ್ಬ ಇರ್ತಾನೆ, ಮೀಸೆ ಬಂದಿದೆಯೋ ಇಲ್ವೋ ನೋಡ್ತಾನೆ. ಫೋನಲ್ಲಿ ಅಂಥ ಬಾಗಿಲೂ ಇಲ್ಲ, ಅಂಥ ಮನುಷ್ಯನೂ ಇಲ್ಲ.

ಇನ್ನೊಂದು ಗೊಂದಲ. ಪುಟ್ಟ ಹೇಳ್ತಾನೆ, "ಮಾಮ, ನಾನು ದೊಡ್ಡೋರಿಗಿಂತ ಚೆನ್ನಾಗಿ ಆಡ್ತೀನಿ." ನಿಜ ಇರಬಹುದು. ಆದ್ರೆ ಆ ನಂಬರ್ ಆಟ ಕಷ್ಟನೋ ಸುಲಭನೋ ಅಂತ ಹೇಳೋದಲ್ಲ. ಒಳಗೆ ರಕ್ತ ಎಷ್ಟಿದೆ, ಸೆಕ್ಸ್ ಇದೆಯಾ, ಡ್ರಗ್ಸ್ ಇದೆಯಾ, ಭಾಷೆ ಹೇಗಿದೆ, ಇಷ್ಟು ನೋಡಿ ಹಾಕೋದು.

ಈಗ ಎಲ್ಲ ಅಪ್ಪ ಅಮ್ಮಂದಿರ ಭಯಕ್ಕೆ ಬರೋಣ. ಗನ್ ಆಟ ಆಡಿದ್ರೆ ಮಕ್ಕಳು ನಿಜವಾಗ್ಲೂ ಹಿಂಸೆಗೆ ಇಳೀತಾರಾ? 2019ರ ಸೆಪ್ಟೆಂಬರಲ್ಲಿ ಬೆಳಗಾವಿ ಜಿಲ್ಲೆಯಿಂದ ಒಂದು ಸುದ್ದಿ ಬಂದಿತ್ತು, ನಿಮಗೂ ನೆನಪಿರಬಹುದು. ಪಬ್‌ಜಿ ಆಡಬೇಡ ಅಂದಿದ್ದಕ್ಕೆ ಯುವಕನೊಬ್ಬ ತಂದೆಯನ್ನೇ ಕೊಂದ ಅಂತ ವರದಿಯಾಯ್ತು. ಆ ಸುದ್ದಿ ನಮ್ಮಕ್ಕನ ತಲೇಲಿ ಇವತ್ತಿಗೂ ಕೂತಿದೆ. ಅದೇ ವರ್ಷ ಆಕ್ಸ್‌ಫರ್ಡ್‌ನ ಸಂಶೋಧಕರು 14, 15 ವರ್ಷದ ಸುಮಾರು ಸಾವಿರ ಬ್ರಿಟಿಷ್ ಮಕ್ಕಳ ಮೇಲೆ ಮಾಡಿದ ಅಧ್ಯಯನ ಹೊರಗೆ ಬಂತು. ಹಿಂಸೆಯ ಆಟ ಆಡೋದಕ್ಕೂ ಮಕ್ಕಳ ಆಕ್ರಮಣಕಾರಿ ವರ್ತನೆಗೂ ನಂಟು ಅದರಲ್ಲಿ ಸಿಗಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ತನ್ನ ನಿಲುವನ್ನ ಸ್ಪಷ್ಟ ಮಾಡ್ತು. ಕಿರುಚಾಟ, ತಳ್ಳಾಟದಂಥ ವರ್ತನೆಗೂ ಈ ಆಟಗಳಿಗೂ ಸಣ್ಣ ನಂಟು ಇದೆ. ಆದ್ರೆ ನಿಜವಾದ ಹಿಂಸಾಕೃತ್ಯಕ್ಕೆ ಆಟಾನೇ ಕಾರಣ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ ಅಂತ.

ಅಂದ್ರೆ ಪುಟ್ಟ ಕೊಲೆಗಾರ ಆಗಲ್ಲ. ಅಕ್ಕನಿಗೆ ಇದನ್ನ ಹೇಳಿದಾಗ ಅವಳು ನಿಟ್ಟುಸಿರು ಬಿಟ್ಟಳು, ಆಮೇಲೆ ಕೇಳಿದ್ಲು: "ಮತ್ತೆ ನನ್ನ ಕೈ ಯಾಕೆ ತಿರುಚಿದ?" ಅದಕ್ಕೆ ಯಾವ ಅಧ್ಯಯನ ಓದಿ ಉತ್ತರ ಕೊಡೋದು?

ಸರ್ಕಾರವೇ ಬ್ಯಾನ್ ಮಾಡ್ಬಿಟ್ರೆ ಆಗಲ್ವಾ ಅಂತ ಭಾವ ಕೇಳಿದ್ರು. ಮಾಡಿ ನೋಡಿದೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನ ಕೇಂದ್ರ ನಿಷೇಧಿಸ್ತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯ್ತು. ಎರಡರಲ್ಲೂ ಕಾರಣ ದೇಶದ ಭದ್ರತೆ, ಜನರ ಡೇಟಾ. ಮಕ್ಕಳ ವಯಸ್ಸಿನ ಮಾತೇ ಅಲ್ಲಿ ಇರಲಿಲ್ಲ. ಪಬ್‌ಜಿ ಜಾಗಕ್ಕೆ 2021ರ ಜುಲೈನಲ್ಲಿ ಬಿಜಿಎಂಐ ಬಂತು. 2022ರ ಜುಲೈನಲ್ಲಿ ಅದೂ ಸ್ಟೋರ್‌ಗಳಿಂದ ಹೋಯ್ತು, 2023ರ ಮೇನಲ್ಲಿ ವಾಪಸ್ ಬಂತು. ಬರುವಾಗ 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ, ಬೇರೆಯವರಿಗೆ ಆರು ಗಂಟೆ ಅಂತ ಮಿತಿ ಇತ್ತು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾನೂನು ತಡೆಯೋದು ದುಡ್ಡು ಕಟ್ಟಿ ಆಡೋ ಆಟಗಳನ್ನ. ಎಂಟನೇ ಕ್ಲಾಸಿನ ಹುಡುಗ ಯಾವ ಗನ್ ಆಟ ಆಡಬೇಕು ಅನ್ನೋದು ಕೊನೆಗೂ ಮನೆಗೇ ಬಿಟ್ಟಿದ್ದು.

ಸರಿ, ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ಮಾತಾಡಲಿಲ್ಲ. ಪುಟ್ಟನ ಪಕ್ಕ ಕೂತು, ಒಡೆದ ಗ್ಲಾಸಿನ ಫೋನಲ್ಲೇ ಒಂದು ಗಂಟೆ ಅವನು ಆಡೋದನ್ನ ನೋಡ್ದೆ. ಯಾವ ಆಟ ಅಂತ ಹೇಳಲ್ಲ, ಅಂಥವು ಬೇಕಾದಷ್ಟಿವೆ. ಹುಡುಗ ನಿಜವಾಗ್ಲೂ ಚೆನ್ನಾಗಿ ಆಡ್ತಾನೆ. ನಾಲ್ಕು ಜನರ ತಂಡ. ಇಬ್ಬರು ಅವನ ಕ್ಲಾಸಿನವರು. ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಔಷಧಿ ಕೊಡಬೇಕು ಅಂತ ಇವನೇ ಹೇಳ್ತಾನೆ. ಕ್ಲಾಸಲ್ಲಿ ಕೈ ಎತ್ತೋಕೆ ಹಿಂಜರಿಯೋ ಹುಡುಗ ಇವನೇನಾ ಅನ್ನಿಸ್ತು.

ರಕ್ತ ನನಗೆ ಅಷ್ಟು ದೊಡ್ಡದು ಅನ್ನಿಸಲಿಲ್ಲ. ಬೆಚ್ಚಿಬಿದ್ದಿದ್ದು ಇಯರ್‌ಫೋನ್‌ನ ಒಂದು ಕಡೆ ಕಿವಿಗೆ ಹಾಕ್ಕೊಂಡಾಗ. ನಾಲ್ಕನೆಯವನು ಯಾರೋ ಗೊತ್ತಿಲ್ಲದವನು, ದನಿ ಕೇಳಿದ್ರೆ ಮೂವತ್ತು ದಾಟಿದೆ. ಒಂದೊಂದು ಮಾತಿಗೂ ತಾಯಿ, ತಂಗಿ ಸೇರಿಸಿ ಬೈತಿದ್ದ. ಮಧ್ಯೆ ಪುಟ್ಟನನ್ನ "ಯಾವ ಏರಿಯಾ, ಯಾವ ಸ್ಕೂಲು" ಅಂತ ಕೇಳ್ದ. ನಾನು ಪುಟ್ಟನ ಮುಖ ನೋಡ್ದೆ. ಅವನಿಗೆ ಅದು ಮಾಮೂಲಿ.

ಆವಾಗ ನನಗೂ ಪುಟ್ಟನಿಗೂ ಇರೋ ವ್ಯತ್ಯಾಸ ಅರ್ಥ ಆಯ್ತು. ಸೈಬರ್ ಸೆಂಟರಲ್ಲಿ ಇಪ್ಪತ್ತು ರೂಪಾಯಿ ಮುಗಿದ್ರೆ ಆಟ ಮುಗೀತಿತ್ತು. ಅಂಗಡಿ ಅಂಕಲ್ "ಏಯ್, ಟೈಮಾಯ್ತು, ಏಳು" ಅಂತಿದ್ರು. ಸ್ಕ್ರೀನ್ ಒಳಗಿನವರು ಯಾರೂ ನನ್ನ ಸ್ಕೂಲಿನ ಹೆಸರು ಕೇಳ್ತಿರಲಿಲ್ಲ. ಪುಟ್ಟನ ಆಟಕ್ಕೆ ಕೊನೆ ಅನ್ನೋದೇ ಇಲ್ಲ. ಒಂದು ಮ್ಯಾಚ್ ಮುಗೀತಿದ್ದ ಹಾಗೆ ಇನ್ನೊಂದು.

ಇಲ್ಲೇ ನಿಮಗೆ ಒಂದು ಮುಖ್ಯ ವಿಷಯ ಹೇಳಬೇಕು. ಆನ್‌ಲೈನ್‌ನಲ್ಲಿ ಆಟಗಾರರ ನಡುವೆ ನಡೆಯೋ ಮಾತುಕತೆಗೆ ನಾವು ರೇಟಿಂಗ್ ಕೊಟ್ಟಿಲ್ಲ ಅಂತ ಇಎಸ್‌ಆರ್‌ಬಿ ತಾನೇ ಎಚ್ಚರಿಕೆ ಕೊಡುತ್ತೆ. ಅಂದ್ರೆ 12+ ಅಂತ ಬರೆದಿರೋ ಆಟದಲ್ಲೂ ಕಿವಿಗೆ ಬೀಳೋದು ಏನು ಬೇಕಾದ್ರೂ ಆಗಬಹುದು. ಆ ಭಾಗ ನೋಡೋಕೆ ಮನೆಯವರೇ ಪಕ್ಕದಲ್ಲಿ ಕೂರಬೇಕು.

ಅವತ್ತು ಪುಟ್ಟ ಇನ್ನೆರಡು ವಿಷಯ ಬಾಯಿಬಿಟ್ಟ, ಬೈಯಲ್ಲ ಅಂತ ನನ್ನಿಂದ ಮಾತು ತಗೊಂಡು. ಒಂದು, ಆಟ ಕೇಳಿದ ಪೋಷಕರ ನಂಬರ್‌ಗೆ ಅವನು ಕೊಟ್ಟಿದ್ದು ಆಡೋ ಫೋನಿನಲ್ಲೇ ಇರೋ ಸಿಮ್‌ನ ನಂಬರ್. ಒಟಿಪಿ ಬಂದಿದ್ದು ಅವನ ಕೈಗೇ. ಎರಡು, ಗನ್ ಸ್ಕಿನ್‌ಗೆ ಅಂತ ಅಕ್ಕನ ಫೋನಿಂದ 799 ರೂಪಾಯಿ ಹಾಕಿದ್ದಾನೆ. ಯುಪಿಐ ಪಿನ್ ಹೇಗೆ ಗೊತ್ತು ಅಂದೆ. "ಅಮ್ಮಂಗೆ ರೀಚಾರ್ಜ್ ಮಾಡಿಕೊಡೋದೇ ನಾನಲ್ವಾ ಮಾಮ" ಅಂದ.

ಹಾಗಾದ್ರೆ ನಾವು ಏನು ತೀರ್ಮಾನ ಮಾಡಿದ್ವಿ? ನಾಲ್ಕು ಜನಾನೂ ಕೂತು ಮಾತಾಡಿದ್ವಿ, ಪುಟ್ಟನೂ ಸೇರಿ.

ಜಿಟಿಎ 5 ಈಗ ಬೇಡ. ಕಾರಣಾನೂ ಅವನಿಗೆ ಹೇಳ್ದೆ. ಆ ಆಟದ ಒಂದು ಮಿಷನ್‌ನಲ್ಲಿ ಕಟ್ಟಿಹಾಕಿರೋ ಮನುಷ್ಯನಿಗೆ ಚಿತ್ರಹಿಂಸೆ ಕೊಡಬೇಕು. ಯಾವ ಸಾಮಾನು ಬಳಸಬೇಕು ಅಂತ ಆರಿಸೋದೂ ಆಡೋನೇ. ಸ್ಟ್ರಿಪ್ ಕ್ಲಬ್ ಇದೆ, ಡ್ರಗ್ಸ್ ಇದೆ. ಅದೊಂದು ವ್ಯಂಗ್ಯ, ದೊಡ್ಡವರಿಗೆ ಅರ್ಥ ಆಗಲಿ ಅಂತ ಮಾಡಿರೋದು. ನಾನು ಹನ್ನೆರಡಕ್ಕೆ ಆಡಿದ್ದು ಸರಿ ಅಂತ ನಾನೂ ಹೇಳಲಿಲ್ಲ, ನಮ್ಮಪ್ಪನಿಗೆ ಅದು ಗೊತ್ತೇ ಇರಲಿಲ್ಲ ಅಂದೆ. ಹದಿನಾರು ಆದ್ಮೇಲೆ ಮತ್ತೆ ಕೇಳು, ಆಗ ಕೂತು ನೋಡೋಣ.

ಫೋನಿನ ಗನ್ ಆಟ ಪೂರ್ತಿ ಬಂದ್ ಮಾಡಲಿಲ್ಲ. ಭಾವನಿಗೆ ಬಂದ್ ಮಾಡಬೇಕು ಅಂತಲೇ ಇತ್ತು. ಆದ್ರೆ ಸಂಜೆ ನಾಲ್ಕರಿಂದ ಏಳರವರೆಗೆ ಮನೇಲಿ ಯಾರೂ ಇರಲ್ಲ, ಫ್ರೆಂಡ್ಸ್ ಎಲ್ಲ ಆ ಆಟದೊಳಗೇ ಸಿಗ್ತಾರೆ. ಕಿತ್ಕೊಂಡ್ರೆ ಬೇರೆಯವರ ಫೋನಲ್ಲಿ ಆಡ್ತಾನೆ, ನಮಗೆ ಹೇಳೋದನ್ನ ಬಿಡ್ತಾನೆ. ಹಾಗಾಗಿ ಷರತ್ತು ಹಾಕಿದ್ವಿ. ದಿನಕ್ಕೆ ಒಂದು ಗಂಟೆ. ಗೊತ್ತಿರೋ ಹುಡುಗರ ಜೊತೆ ಮಾತ್ರ, ಗೊತ್ತಿಲ್ಲದವರು ತಂಡಕ್ಕೆ ಬಂದ್ರೆ ಮೈಕ್ ಆಫ್, ಅವರ ದನಿ ಮ್ಯೂಟ್. ಏರಿಯಾ, ಸ್ಕೂಲು ಯಾರಿಗೂ ಹೇಳೋ ಹಾಗಿಲ್ಲ. ರಾತ್ರಿ ಒಂಬತ್ತರ ಮೇಲೆ ಫೋನ್ ಹಾಲ್‌ನಲ್ಲಿ. ಮತ್ತೆ, ಮ್ಯಾಚ್ ಮಧ್ಯೆ ಫೋನ್ ಕಿತ್ಕೊಳ್ಳಲ್ಲ, "ಇದೇ ಕೊನೇ ಮ್ಯಾಚು" ಅಂತ ಮೊದಲೇ ಹೇಳ್ತೀನಿ ಅಂತ ಅಕ್ಕ ಒಪ್ಕೊಂಡ್ಲು. ಈ ಕೊನೇ ಷರತ್ತು ಹಾಕಿದ್ದು ಪುಟ್ಟ.

ಇನ್ನು ನೀವು ಇವತ್ತೇ ಮಾಡಬಹುದಾದ ಕೆಲಸ. ಪ್ಲೇ ಸ್ಟೋರ್ ತೆಗೆದು ಮೇಲಿರೋ ಪ್ರೊಫೈಲ್ ಫೋಟೋ ಒತ್ತಿ. ಸೆಟ್ಟಿಂಗ್ಸ್, ಅದರಲ್ಲಿ ಫ್ಯಾಮಿಲಿ, ಅದರಲ್ಲಿ ಪೇರೆಂಟಲ್ ಕಂಟ್ರೋಲ್ಸ್. ಆನ್ ಮಾಡಿ, ಪಿನ್ ಹಾಕಿ, ಎಷ್ಟು ವಯಸ್ಸಿನವರೆಗಿನ ಆಟ ಬೇಕೋ ಆರಿಸಿ. ಈಗಾಗಲೇ ಫೋನಲ್ಲಿರೋ ಆಟವನ್ನ ಇದು ತೆಗೆಯಲ್ಲ, ಅದನ್ನ ನೀವೇ ನೋಡಬೇಕು. ಸಮಯದ ಮಿತಿಗೆ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ್ಯಪ್ ಟೈಮರ್ ಇದೆ, ದೂರದಿಂದಲೇ ನೋಡ್ಕೊಳ್ಳೋಕೆ ಫ್ಯಾಮಿಲಿ ಲಿಂಕ್ ಇದೆ. ಯುಪಿಐ ಪಿನ್ ಬದಲಾಯಿಸಿ, ಮಕ್ಕಳ ಎದುರು ಒತ್ತಬೇಡಿ.

ಇದು ಚಟ ಆಗಿದೆಯಾ ಅಂತ ಹೇಗೆ ಗೊತ್ತಾಗುತ್ತೆ? ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪೋದು, ಊಟ, ನಿದ್ದೆ, ಓದು ಎಲ್ಲಕ್ಕಿಂತ ಆಟವೇ ಮುಂದೆ ಬರೋದು, ಹಾಳಾಗ್ತಿದೆ ಅಂತ ಗೊತ್ತಿದ್ರೂ ಬಿಡೋಕೆ ಆಗದಿರೋದು. ಇದು ಸಾಮಾನ್ಯವಾಗಿ ಒಂದು ವರ್ಷ ಕಂಡ್ರೆ ಕಾಯಿಲೆ ಅಂತಾರೆ. ಒಂದು ರಾತ್ರಿಯ ಜಗಳಕ್ಕೆ ಆ ಹೆಸರು ಇಡೋಕಾಗಲ್ಲ. ಆದ್ರೆ ಅನುಮಾನ ಇದ್ರೆ ಒಂದು ವರ್ಷ ಕಾಯಬೇಡಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕಂತಲೇ ಶಟ್ ಕ್ಲಿನಿಕ್ ಇದೆ. ಫೋನಲ್ಲೇ ಮಾತಾಡಬೇಕು ಅಂದ್ರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮೂರು ವಾರ ಆಯ್ತು. ಷರತ್ತು ಎರಡು ಸಲ ಮುರಿದಿದ್ದಾನೆ. ಒಂದು ಸಲ ಅಕ್ಕ ಹಿಡಿದ್ಲು, ಇನ್ನೊಂದು ಸಲ ಅವನೇ ಹೇಳಿದ. ಮೊನ್ನೆ ರಾತ್ರಿ ನನಗೆ ವಾಯ್ಸ್ ಮೆಸೇಜ್ ಬಂತು: "ಮಾಮ, ಅವತ್ತಿನ ಅಂಕಲ್ ಮತ್ತೆ ರಿಕ್ವೆಸ್ಟ್ ಕಳಿಸಿದ್ದ. ಬ್ಲಾಕ್ ಮಾಡ್ದೆ. ಅಮ್ಮಂಗೂ ತೋರಿಸ್ದೆ."

ನಿಮ್ಮನೇಲಿ ತಮ್ಮನೋ ತಂಗಿಯೋ ಅಕ್ಕನ ಮಗನೋ ಇದ್ರೆ, ಆಟ ಗೊತ್ತಿರೋ ದೊಡ್ಡವರು ಅಂದ್ರೆ ನೀವೇ. ಈ ಭಾನುವಾರ ಒಂದು ಗಂಟೆ ಪಕ್ಕದಲ್ಲಿ ಕೂತ್ಕೊಳ್ಳಿ, ಇಯರ್‌ಫೋನ್‌ನ ಒಂದು ಕಡೆ ನೀವು ಹಾಕ್ಕೊಳ್ಳಿ.